ವಾಷಿಂಗ್ ಮೆಶಿನ್‌ಗೆ ನೀರು ನಿಧಾನವಾಗಿ ತುಂಬುತ್ತಿದೆಯೇ? ಕೊಯಮತ್ತೂರು, ತಿರುಪ್ಪೂರಿನ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇಷ್ಟು

ಬಟ್ಟೆ ಹಾಕಿ, ಪುಡಿ ಹಾಕಿ, ಬಟನ್ ಒತ್ತಿಯಾಗಿದೆ. ಆದರೆ ಮೆಶಿನ್ ಒಳಗೆ ನೀರು ದಾರದಷ್ಟು ಸಪೂರವಾಗಿ ಬೀಳ್ತಾ ಉಂಟು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ ವಾಷ್ ಎರಡೂವರೆ ಗಂಟೆ ಹಿಡಿಯುತ್ತದೆ, ಇಲ್ಲವೇ ಅರ್ಧದಲ್ಲೇ ಬೀಪ್ ಬೀಪ್ ಎಂದು ನಿಂತುಬಿಡುತ್ತದೆ. ಬಟ್ಟೆ ವ್ಯಾಪಾರಕ್ಕೆ, ಕೆಲಸಕ್ಕೆ, ಓದಿಗೆ ಎಂದು ಕರಾವಳಿಯಿಂದ ಕೊಯಮತ್ತೂರು, ತಿರುಪ್ಪೂರು ಕಡೆ ಹೋಗಿ ಬಾಡಿಗೆ ಮನೆ ಮಾಡಿಕೊಂಡವರಿಗೆ ಇದು ಹೊಸ ತಲೆನೋವು. ಊರಲ್ಲಿ ಏಳೆಂಟು ವರ್ಷ ಒಂದು ದೂರೂ ಇಲ್ಲದೆ ಓಡಿದ ಮೆಶಿನ್, ಅಲ್ಲಿಗೆ ಸಾಗಿಸಿದ ಆರೇ ತಿಂಗಳಲ್ಲಿ ಹೀಗಾಗುತ್ತದೆ. ಲಾರಿಯಲ್ಲಿ ತರುವಾಗ ಏಟು ಬಿದ್ದಿರಬೇಕು ಎಂದು ಮನೆಯವರು ತಿಳಿಯುತ್ತಾರೆ. ಮೆಕ್ಯಾನಿಕ್ ಬಂದು ವಾಲ್ವ್ ಹೋಗಿದೆ ಎನ್ನುತ್ತಾನೆ, ಇನ್ನೊಬ್ಬ ಬೋರ್ಡ್ ಹೋಗಿದೆ ಎನ್ನುತ್ತಾನೆ.

ವಾಸ್ತವದಲ್ಲಿ ನೀರು ನಿಧಾನ ತುಂಬುವ ದೂರಿನಲ್ಲಿ ತಪ್ಪು ಹೆಚ್ಚಾಗಿ ಮೆಶಿನ್‌ದಲ್ಲ, ಮೆಶಿನ್‌ಗೆ ಬರುವ ನೀರಿನದ್ದು. ಟ್ಯಾಂಕ್‌ನಿಂದ ಹೊರಟ ನೀರು ಮೆಶಿನ್ ಒಳಗೆ ಬೀಳುವ ತನಕ ನಾಲ್ಕೈದು ಕಡೆ ಅಡ್ಡಿ ಇರಬಹುದು. ಆ ಜಾಗಗಳನ್ನು ಕ್ರಮವಾಗಿ ಒಂದೊಂದೇ ನೋಡಿದರೆ ಹಲವು ಸಲ ಒಂದು ಹಳೆಯ ಟೂತ್‌ಬ್ರಷ್‌ನಲ್ಲೇ ಕೆಲಸ ಮುಗಿಯುತ್ತದೆ. ಕ್ರಮ ತಪ್ಪಿಸಿ ಕೊನೆಯ ಪಾರ್ಟ್‌ನಿಂದ ಶುರು ಮಾಡಿದರೆ ಖರ್ಚು ನೂರರ ಲೆಕ್ಕದಿಂದ ಸಾವಿರದ ಲೆಕ್ಕಕ್ಕೆ ಏರುತ್ತದೆ, ದೂರು ಮಾತ್ರ ಹಾಗೇ ಉಳಿಯುತ್ತದೆ.

ಅಲ್ಲಿನ ನೀರು ಯಾಕೆ ಬೇರೆ?

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಮಳೆ ಧಾರಾಳ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು. ಸೋಪು ಉಜ್ಜಿದರೆ ನೊರೆ ಬರ್ತದೆ, ಪಾತ್ರೆಯಲ್ಲಿ ಬಿಳಿ ಕಲೆ ಕೂರುವುದು ಕಡಿಮೆ. ಕೊಯಮತ್ತೂರು ಪಶ್ಚಿಮಘಟ್ಟದ ಆಚೆ ಬದಿಯ ಮಳೆ ನೆರಳಿನ ಸೀಮೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಅಲ್ಲಿ ಅದರ ಐದನೇ ಒಂದು ಪಾಲಿನ ಆಸುಪಾಸು. ನೆಲದಡಿ ಗಟ್ಟಿ ಬಂಡೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೂ ಅಲ್ಲಿ ಅಪರೂಪವಲ್ಲ. ಬಂಡೆಯ ಸಂದಿನಲ್ಲಿ ಕಾಲಗಟ್ಟಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಗಡಸು ನೀರು ಎನ್ನುವುದು ಇದನ್ನೇ.

ಹಾಗಾಗಿ ಅಲ್ಲಿನ ಮನೆಗಳಲ್ಲಿ ಎರಡು ಬಗೆಯ ನೀರು. ನಗರಸಭೆಯ ಪೈಪ್‌ನಲ್ಲಿ ಬರುವ ಕುಡಿಯುವ ನೀರಿಗೆ ಜನ 'ನಲ್ಲ ತಣ್ಣಿ' ಎನ್ನುತ್ತಾರೆ, ಬೋರ್ ನೀರಿಗೆ 'ಉಪ್ಪು ತಣ್ಣಿ'. ಕೊಯಮತ್ತೂರು ನಗರದ ನಲ್ಲ ತಣ್ಣಿ ಮುಖ್ಯವಾಗಿ ಎರಡು ಮೂಲಗಳಿಂದ ಬರುತ್ತದೆ. ಒಂದು, ಕೇರಳದ ಪಾಲಕ್ಕಾಡ್ ಜಿಲ್ಲೆಯ ಕಾಡಿನೊಳಗಿನ ಶಿರುವಾಣಿ ಅಣೆಕಟ್ಟು. ರುಚಿಗೆ ಹೆಸರುವಾಸಿಯಾದ ನೀರು ಅದು. ಇನ್ನೊಂದು, ಭವಾನಿ ನದಿಯ ಪಿಲ್ಲೂರು ಅಣೆಕಟ್ಟು. ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿಗಳೂ ಮನೆಗಳೂ ನೀರಿಗೆ ಪರದಾಡುತ್ತಿದ್ದಾಗ, ಭವಾನಿ ಪಟ್ಟಣದ ಕಡೆಯಿಂದ ನದಿ ನೀರು ತರುವ ದೊಡ್ಡ ಯೋಜನೆ ಬಂತು. ಸರಕಾರ ಮತ್ತು ಖಾಸಗಿಯವರು ಜೊತೆಯಾಗಿ ಮಾಡಿದ ಆ ಯೋಜನೆಯ ಸಾಮರ್ಥ್ಯ ದಿನಕ್ಕೆ 18.5 ಕೋಟಿ ಲೀಟರ್.

ಇಷ್ಟಿದ್ದರೂ ಪೈಪ್ ನೀರು ಎಲ್ಲ ಬಡಾವಣೆಗೂ ದಿನವೂ ಬರುವುದಿಲ್ಲ. ಕೆಲವು ದಿನಕ್ಕೊಮ್ಮೆ ಬಿಟ್ಟಾಗ ಸಂಪ್‌ಗೆ ತುಂಬಿಸಿಟ್ಟುಕೊಳ್ಳಬೇಕು. ಅದನ್ನು ಅಡುಗೆಗೂ ಕುಡಿಯಲಿಕ್ಕೂ ಜೋಪಾನ ಮಾಡುತ್ತಾರೆ. ಬಾತ್‌ರೂಮ್, ಪಾತ್ರೆ, ವಾಷಿಂಗ್ ಮೆಶಿನ್‌ಗೆ ಉಪ್ಪು ತಣ್ಣಿಯೇ ಗತಿ. ಬೇಸಿಗೆಯಲ್ಲಿ ಅದೂ ಮುಗಿದರೆ ಲಾರಿ ನೀರು.

ತಿರುಪ್ಪೂರಿನಲ್ಲಿ ಇನ್ನೊಂದು ಕಾರಣವೂ ಸೇರಿದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನೊಯ್ಯಲ್ ನದಿಗೆ ವರ್ಷಗಟ್ಟಲೆ ಡೈಯಿಂಗ್ ಘಟಕಗಳ ಉಪ್ಪಿನ ನೀರು ಹರಿದಿತ್ತು. 1992ರಲ್ಲಿ ಕಟ್ಟಿದ ಒರತ್ತುಪಾಳೈಯಂ ಅಣೆಕಟ್ಟು ಆ ತ್ಯಾಜ್ಯ ನೀರು ನಿಲ್ಲುವ ಕೆರೆಯಂತಾಯಿತು. ರೈತರ ಹೋರಾಟದ ಬಳಿಕ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಡೈಯಿಂಗ್ ಘಟಕಗಳನ್ನು ಮುಚ್ಚಿಸಲು ಆದೇಶ ಕೊಟ್ಟಿತು. ಒಂದು ಹನಿಯನ್ನೂ ಹೊರಬಿಡದೆ ನೀರು ಶುದ್ಧ ಮಾಡುವ ವ್ಯವಸ್ಥೆ ಇದ್ದರೆ ಮಾತ್ರ ಮತ್ತೆ ತೆರೆಯಬಹುದು ಎಂಬುದು ಷರತ್ತು. ಆದರೂ ನೆಲದೊಳಗೆ ಇಳಿದ ಉಪ್ಪು ಬೇಗ ಹೋಗುವಂಥದ್ದಲ್ಲ. ನದಿ ಬದಿಯ ಬೋರ್ ನೀರಿನಲ್ಲಿ ಅದರ ಪರಿಣಾಮ ಉಳಿದಿದೆ.

ಈ ನೀರಿನ ಬಿಳಿ ಪುಡಿ, ಸಂಪ್‌ನ ಕೆಸರು, ಲಾರಿ ನೀರಿನ ಮಣ್ಣು ಮೂರೂ ಕೊನೆಗೆ ಬಂದು ಸೇರುವುದು ಮೆಶಿನ್‌ನ ಬಾಯಲ್ಲಿರುವ ಹೆಬ್ಬೆರಳ ಉಗುರಿನಷ್ಟು ಸಣ್ಣ ಜಾಲರಿಗೆ.

ಮೊದಲ ಹೆಜ್ಜೆ: ಬಕೆಟ್ ಪರೀಕ್ಷೆ

ಮೆಶಿನ್ ಮುಟ್ಟುವ ಮೊದಲು ಟ್ಯಾಪ್ ಪರೀಕ್ಷೆ ಆಗಬೇಕು. ಇದಕ್ಕೆ ಬೇಕಾದ್ದು 10 ಲೀಟರಿನ ಬಕೆಟ್ ಮತ್ತು ಮೊಬೈಲ್ ಗಡಿಯಾರ.

ಮೆಶಿನ್‌ನ ಪ್ಲಗ್ ತೆಗೆದು, ಟ್ಯಾಪ್ ಬಂದ್ ಮಾಡಿ, ಪೈಪ್ ಕಳಚಬೇಕು. ನಂತರ ಟ್ಯಾಪ್ ಪೂರ್ತಿ ತೆರೆದು ಬಕೆಟ್ ತುಂಬಲು ಎಷ್ಟು ಹೊತ್ತು ಎಂದು ನೋಡಬೇಕು.

ಒಂದು, ಒಂದೂವರೆ ನಿಮಿಷದಲ್ಲಿ ತುಂಬಿದರೆ ಟ್ಯಾಪ್ ಸರಿ ಉಂಟು, ಅಡ್ಡಿ ಮುಂದೆ ಇದೆ. ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮೆಶಿನ್ ಬಿಚ್ಚುವುದರಿಂದ ಪ್ರಯೋಜನವಿಲ್ಲ, ತೊಂದರೆ ಟ್ಯಾಂಕ್ ಅಥವಾ ಲೈನ್‌ನಲ್ಲಿದೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟ. ದೊಡ್ಡ ಟಾಪ್ ಲೋಡ್ ಮೆಶಿನ್‌ನಲ್ಲಿ ಮೇಲಿನ ಮಟ್ಟಕ್ಕೆ ಒಮ್ಮೆ ತುಂಬಲು 60 ಲೀಟರ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 10 ಲೀಟರ್ ಬಂದರೆ 6 ನಿಮಿಷ ಸಾಕು. ನಿಮಿಷಕ್ಕೆ 2 ಲೀಟರ್ ಮಾತ್ರ ಬಂದರೆ ಅರ್ಧ ಗಂಟೆ. ಒಂದು ವಾಷ್, ಎರಡು ರಿನ್ಸ್ ಎಂದರೆ ಮೂರು ಸಲ ತುಂಬಬೇಕು. ಬರೀ ನೀರು ತುಂಬಲಿಕ್ಕೇ ಒಂದೂವರೆ ಗಂಟೆ ಹೋಯಿತು.

ಟ್ಯಾಪ್‌ನಲ್ಲಿ ನೀರು ಚೆನ್ನಾಗಿ ಬಂದರೆ ಪೈಪನ್ನು ಮತ್ತೆ ಟ್ಯಾಪ್‌ಗೆ ಜೋಡಿಸಿ, ಮೆಶಿನ್ ಕಡೆಯ ತುದಿ ಬಿಚ್ಚಿ ಬಕೆಟ್‌ಗೆ ಬಿಡಬೇಕು. ಈಗ ನೀರು ಕಡಿಮೆಯಾದರೆ ಅಡ್ಡಿ ಪೈಪ್‌ನಲ್ಲೇ. ಮೆಶಿನ್ ಹಿಂದೆ ಗೋಡೆಗೆ ಒತ್ತಿ ಮಡಿಸಿ ಹೋಗಿರಬಹುದು, ಒಳಗಿನ ರಬ್ಬರ್ ಊದಿರಬಹುದು, ಟ್ಯಾಪ್ ತುದಿಯ ವಾಷರ್‌ನಲ್ಲಿ ಕಸ ಸಿಕ್ಕಿರಬಹುದು. ಕೆಲವು ಫ್ರಂಟ್ ಲೋಡ್ ಮೆಶಿನ್‌ಗಳ ಪೈಪ್‌ನಲ್ಲಿ ಟ್ಯಾಪ್ ಕಡೆ ಸಣ್ಣ ಡಬ್ಬದಂಥ ಭಾಗ ಇರ್ತದೆ. ಅದು ನೀರು ಸೋರಿದರೆ ತಾನೇ ಬಂದ್ ಆಗುವ ವ್ಯವಸ್ಥೆ. ಅಂಥ ಪೈಪನ್ನು ತುಂಡು ಮಾಡಿ ಉದ್ದ ಮಾಡಲು ಹೋಗಬಾರದು.

ಎತ್ತರದ ಲೆಕ್ಕ

ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕ್‌ನಿಂದ ಬರುವ ನೀರಿನ ಒತ್ತಡ ಟ್ಯಾಂಕ್ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿಲ್ಲ, ಎಷ್ಟು ಎತ್ತರದಲ್ಲಿ ಇದೆ ಎಂಬುದರ ಮೇಲೆ ನಿಂತಿದೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ, ಅಂದರೆ ಮೀಟರಿಗೆ 0.1 ಬಾರ್. ಹಲವು ಆಟೋಮ್ಯಾಟಿಕ್ ಮೆಶಿನ್‌ಗಳ ಮ್ಯಾನುವಲ್‌ನಲ್ಲಿ ಕನಿಷ್ಠ ಒತ್ತಡ 50 ಕಿಲೋಪಾಸ್ಕಲ್ ಎಂದು ಬರೆದಿರುತ್ತದೆ. ಅದು 0.5 ಬಾರ್. ಕೆಲವು ಮಾದರಿಗಳಿಗೆ 0.3 ಬಾರ್ ಸಾಕು. ತಮ್ಮ ಮೆಶಿನ್‌ಗೆ ಎಷ್ಟು ಎಂಬುದು ಮ್ಯಾನುವಲ್‌ನಲ್ಲೋ ಹಿಂಬದಿಯ ಸ್ಟಿಕ್ಕರ್‌ನಲ್ಲೋ ಸಿಗ್ತದೆ.

ಈಗ ಎರಡು ಮಾಳಿಗೆಯ ಒಂದು ಮನೆ ನೋಡೋಣ. ಟ್ಯಾಂಕನ್ನು ನೇರ ಟೆರೇಸ್ ಮೇಲೆ ಇಟ್ಟಿದ್ದಾರೆ, ಸ್ಟ್ಯಾಂಡ್ ಇಲ್ಲ. ಮೇಲಿನ ಮಾಳಿಗೆಯಲ್ಲಿ ಮೆಶಿನ್‌ನ ಟ್ಯಾಪ್‌ಗೂ ಟ್ಯಾಂಕ್‌ನ ತಳಕ್ಕೂ ಇರುವ ಅಂತರ 2 ಮೀಟರ್ ಮಾತ್ರ. ಒತ್ತಡ 0.2 ಬಾರ್. ಕೆಳಗಿನ ಮನೆಯಲ್ಲಿ ಅದೇ ಅಂತರ 5 ಮೀಟರ್, ಒತ್ತಡ 0.5 ಬಾರ್. ಒಂದೇ ಟ್ಯಾಂಕ್, ಒಂದೇ ಕಂಪೆನಿಯ ಮೆಶಿನ್. ಕೆಳಗಿನವರದ್ದು ಸರಿಯಾಗಿ ಓಡುತ್ತದೆ, ಮೇಲಿನವರದ್ದು ಅಳುತ್ತದೆ. ಇಲ್ಲಿ ಯಾವ ಮೆಶಿನ್ ರಿಪೇರಿ ಮಾಡಿದರೂ ಫಲವಿಲ್ಲ.

ಬೆಳಿಗ್ಗೆ ಸರಿ, ಸಂಜೆ ನಿಧಾನ ಎಂಬ ದೂರಿಗೂ ಇದರಲ್ಲೇ ಉತ್ತರ ಉಂಟು. ಸಾವಿರ ಲೀಟರಿನ ಟ್ಯಾಂಕ್‌ನಲ್ಲಿ ನೀರು ತುಂಬಿದ್ದಾಗ ಸುಮಾರು ಒಂದು ಮೀಟರಿನಷ್ಟು ಆಳ ಇರುತ್ತದೆ. ತಳಕ್ಕಿಳಿದರೆ 0.1 ಬಾರ್ ಕಡಿಮೆ. ಮೊದಲೇ 0.3 ಇದ್ದಲ್ಲಿ 0.2 ಆಯಿತು ಎಂದರೆ ಅದು ದೊಡ್ಡ ಇಳಿಕೆಯೇ. ತಿರುಪ್ಪೂರಿನ ಲೈನ್ ಮನೆಗಳಲ್ಲಿ ಒಂದೇ ಟ್ಯಾಂಕ್‌ಗೆ ಏಳೆಂಟು ಮನೆ ಜೋಡಿಸಿರುತ್ತಾರೆ. ಕಂಪೆನಿ ಶಿಫ್ಟ್ ಬಿಟ್ಟು ಎಲ್ಲರೂ ಒಟ್ಟಿಗೆ ಟ್ಯಾಪ್ ತೆರೆದರೆ ನೀರು ಇನ್ನಷ್ಟು ಸಪೂರ. ಅಂಥ ಕಡೆ ಮಧ್ಯಾಹ್ನ ಅಥವಾ ರಾತ್ರಿ ತಡವಾಗಿ ಮೆಶಿನ್ ಹಾಕಿ ನೋಡುವುದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ.

ಹಳೆಯ ಮನೆಗಳ ಜಿಐ ಪೈಪ್ ಇನ್ನೊಂದು ಕಾರಣ. ಗಡಸು ನೀರಿನ ಪದರವೂ ತುಕ್ಕೂ ಒಳಗೆ ಕೂತು ಅರ್ಧ ಇಂಚಿನ ಪೈಪ್ ಪೆನ್ಸಿಲ್‌ನಷ್ಟು ಸಪೂರವಾಗಿರುತ್ತದೆ. ಅದನ್ನು ಬದಲಿಸದೆ ಬೇರೆ ದಾರಿ ಇಲ್ಲ.

ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಬಳಿಕ ನೀರು ಕಡಿಮೆಯಾಗಿದ್ದರೆ ಲೈನ್‌ನಲ್ಲಿ ಗಾಳಿ ಸಿಕ್ಕಿರುವ ಸಾಧ್ಯತೆ ಹೆಚ್ಚು. ಅತಿ ಕೆಳಗಿನ ಟ್ಯಾಪ್ ಪೂರ್ತಿ ತೆರೆದು, ಬುಸ್ ಬುಸ್ ಎನ್ನುವ ಸದ್ದು ನಿಂತು ನೀರು ಒಂದೇ ಸಮ ಬರುವ ತನಕ ಬಿಡಬೇಕು. ಆ ನೀರನ್ನು ಬಕೆಟ್‌ಗೆ ಹಿಡಿದರೆ ವ್ಯರ್ಥವಾಗದು.

ಜಾಲರಿ ಶುಚಿ ಮಾಡುವುದು

ಟ್ಯಾಪ್, ಪೈಪ್ ಎರಡೂ ಸರಿ ಇದ್ದರೆ ಮುಂದಿನದ್ದು ಜಾಲರಿ. ಆ ಭಾಗದ ಗಡಸು ನೀರಿನಲ್ಲಿ ಮೊದಲು ಅನುಮಾನ ಪಡಬೇಕಾದ ಜಾಗ ಇದೇ. ಇದು ಮೆಶಿನ್‌ನ ಹಿಂದೆ ಪೈಪ್ ಕೂರುವ ಬಾಯಿಯ ಒಳಗೆ ಇರುತ್ತದೆ. ಪ್ಲಾಸ್ಟಿಕ್‌ನದ್ದು, ಮಧ್ಯದಲ್ಲಿ ಹಿಡಿಯಲು ಸಣ್ಣ ಮೂಗಿನಂಥ ಭಾಗ.

ಮಾಡುವ ಕ್ರಮ ಹೀಗೆ:

1. ಪ್ಲಗ್ ಕಳಚಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಟ್ಯಾಪ್ ಬಂದ್ ಮಾಡಬೇಕು.

2. ಪೈಪ್ ಬಿಚ್ಚುವಾಗ ಒಳಗೆ ನಿಂತ ನೀರು ಸುರಿಯುತ್ತದೆ. ಕೆಳಗೆ ಬಟ್ಟೆಯೋ ಟಬ್ಬೋ ಇಡಬೇಕು.

3. ಜಾಲರಿಯ ಮೂಗನ್ನು ಸಪೂರ ತುದಿಯ ಇಕ್ಕಳದಿಂದ ಹಿಡಿದು ನೇರ ಹೊರಗೆಳೆಯಬೇಕು. ಗಟ್ಟಿ ಕೂತಿದ್ದರೆ ತಿರುಚದೆ, ಸ್ವಲ್ಪ ವಿನೆಗರ್ ಹನಿಸಿ ಹತ್ತು ನಿಮಿಷ ಬಿಟ್ಟು ಎಳೆಯಬೇಕು.

4. ಮಣ್ಣು ಮಾತ್ರ ಇದ್ದರೆ ಟ್ಯಾಪ್ ನೀರಲ್ಲಿ ಟೂತ್‌ಬ್ರಷ್ ಹಾಕಿ ಉಜ್ಜಿದರೆ ಸಾಕು. ಬಿಳಿ ಪದರ ಕೂತಿದ್ದರೆ ವಿನೆಗರ್‌ನಲ್ಲಿ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ ಉಜ್ಜಬೇಕು.

5. ಜಾಲರಿ ಮತ್ತೆ ಕೂರಿಸಿ, ಪೈಪ್‌ನ ವಾಷರ್ ಜಾಗದಲ್ಲಿದೆಯೇ ನೋಡಿ, ಕೈಯಿಂದಲೇ ಬಿಗಿ ಮಾಡಬೇಕು. ಟ್ಯಾಪ್ ತೆರೆದು ಐದು ನಿಮಿಷ ಸೋರುತ್ತದೆಯೇ ಎಂದು ನೋಡಿದ ಬಳಿಕವೇ ಪ್ಲಗ್ ಹಾಕಬೇಕು.

ಎರಡು ಎಚ್ಚರಿಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಾರದು, ಅದು ರಬ್ಬರನ್ನೂ ಲೋಹವನ್ನೂ ತಿಂದುಹಾಕುತ್ತದೆ. ಅಂಥ ಆಸಿಡ್ ಆಗಲಿ ವಿನೆಗರ್ ಆಗಲಿ ಬ್ಲೀಚಿಂಗ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಗಾಳಿ ಬರುತ್ತದೆ. ಇನ್ನು, 'ಜಾಲರಿಯೇ ಬೇಡ, ತೆಗೆದುಬಿಡಿ' ಎಂದು ಸಲಹೆ ಕೊಡುವವರೂ ಇದ್ದಾರೆ. ಜಾಲರಿ ಇಲ್ಲದಿದ್ದರೆ ಆ ಮಣ್ಣು ನೇರ ವಾಲ್ವ್ ಒಳಗೆ ಹೋಗಿ ಕೂರುತ್ತದೆ. ಆಗ ವಾಲ್ವ್ ಸರಿಯಾಗಿ ಮುಚ್ಚದೆ, ಮೆಶಿನ್ ಆಫ್ ಇದ್ದರೂ ನೀರು ಸೋರಿ ತುಂಬುವ ಅಪಾಯ ಉಂಟು.

ಟಾಪ್ ಲೋಡ್ ಮೆಶಿನ್‌ನಲ್ಲಿ ಬಿಸಿ, ತಣ್ಣೀರಿಗೆ ಎರಡು ಬಾಯಿ ಇದ್ದರೆ ಎರಡರಲ್ಲೂ ಜಾಲರಿ ಇರುತ್ತದೆ. ಬಿಸಿನೀರಿನ ಪೈಪ್ ಜೋಡಿಸದೆ ಪ್ರೋಗ್ರಾಂನಲ್ಲಿ ಬಿಸಿ ಅಥವಾ ಬೆಚ್ಚಗಿನ ನೀರು ಆರಿಸಿದರೂ ನೀರು ನಿಧಾನವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಅಲ್ಲಿ 'ಕೋಲ್ಡ್' ಆರಿಸಿದರೆ ದೂರು ಮುಗಿಯಿತು. ಸೆಮಿ ಆಟೋಮ್ಯಾಟಿಕ್ ಮೆಶಿನ್‌ಗಳಲ್ಲಿ ಸಾಮಾನ್ಯವಾಗಿ ಕರೆಂಟಿನ ವಾಲ್ವೇ ಇಲ್ಲ. ಹಾಗಾಗಿ ನಿಧಾನಕ್ಕೆ ಕಾರಣ ಟ್ಯಾಪ್, ಪೈಪ್, ಜಾಲರಿಯಲ್ಲೇ ಸಿಗುತ್ತದೆ.

ಪುಡಿ ಹಾಕುವ ಡ್ರಾಯರ್ ಕೂಡ ನೋಡಬೇಕು. ಅದರ ಮೇಲ್ಭಾಗದ ಸಣ್ಣ ತೂತುಗಳಲ್ಲಿ ಸುಣ್ಣದ ಪದರವೂ ಗಟ್ಟಿಯಾದ ಪುಡಿಯೂ ಸೇರಿದರೆ ನೀರು ಒಳಗೆ ಬೀಳದೆ ಡ್ರಾಯರ್‌ನ ಎದುರಿಂದ ತೊಟ್ಟಿಕ್ಕುತ್ತದೆ.

ತುಂಬಿದ ನೀರು ಹೊರಟು ಹೋಗುತ್ತಿದೆಯೇ?

ಕೆಲವೊಮ್ಮೆ ನೀರು ಸರಿಯಾಗಿಯೇ ಬರುತ್ತಿರುತ್ತದೆ, ಆದರೆ ಮೆಶಿನ್‌ನಲ್ಲಿ ನಿಲ್ಲುವುದಿಲ್ಲ. ನೋಡುವವರಿಗೆ ನಿಧಾನ ತುಂಬಿದಂತೆ ಕಾಣುತ್ತದೆ. ಮೆಶಿನ್ ತುಂಬುತ್ತಿರುವಾಗ ಹೊರಹೋಗುವ ಪೈಪ್‌ನ ತುದಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ನೀರು ಹರಿಯುತ್ತಿದ್ದರೆ ತಪ್ಪು ಒಳಬರುವ ಕಡೆ ಅಲ್ಲ.

ಪಂಪ್ ಮೂಲಕ ನೀರು ಹೊರಹಾಕುವ ಫ್ರಂಟ್ ಲೋಡ್ ಮೆಶಿನ್‌ಗಳಲ್ಲಿ ಹೊರಪೈಪ್ ನೆಲದಿಂದ ಸುಮಾರು 60 ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಸಿಕ್ಕಿಸಿರಬೇಕು. ಬಾತ್‌ರೂಮ್ ನೆಲಕ್ಕೆ ಬಿಟ್ಟರೆ ನೀರು ತಾನಾಗಿ ಎಳೆದುಕೊಂಡು ಹೋಗುತ್ತದೆ. ಹಲವು ಟಾಪ್ ಲೋಡ್‌ಗಳಲ್ಲಿ ಪಂಪ್ ಬದಲು ಡ್ರೈನ್ ವಾಲ್ವ್ ಇದ್ದು, ಪೈಪ್ ನೆಲದಲ್ಲೇ ಇರುತ್ತದೆ. ಅಲ್ಲಿ ವಾಲ್ವ್‌ನ ರಬ್ಬರ್ ನಡುವೆ ನಾಣ್ಯ, ಗುಂಡಿ, ದಾರ ಸಿಕ್ಕಿದರೆ ನೀರು ಸೋರುತ್ತಲೇ ಇರುತ್ತದೆ. ತಿರುಪ್ಪೂರಿನ ಮನೆಗಳಲ್ಲಿ ಇದನ್ನು ಮರೆಯಬಾರದು. ಕಂಪೆನಿಯಿಂದ ಬಂದವರ ಬಟ್ಟೆಯಲ್ಲಿ ಹತ್ತಿಯ ನಾರು, ಕತ್ತರಿಸಿದ ದಾರದ ತುಂಡು ಸಾಕಷ್ಟು ಅಂಟಿರುತ್ತದೆ. ಮೆಶಿನ್‌ಗೆ ಹಾಕುವ ಮೊದಲು ಹೊರಗೆ ಒಮ್ಮೆ ಕೊಡವಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇದು ದೋಷವೇ ಅಲ್ಲ

ಟಾಪ್ ಲೋಡ್ ಬಿಟ್ಟು ಹೊಸದಾಗಿ ಫ್ರಂಟ್ ಲೋಡ್ ತಂದವರು ನೀರೇ ತುಂಬುವುದಿಲ್ಲ ಎಂದು ದೂರುವುದುಂಟು. ಫ್ರಂಟ್ ಲೋಡ್ ಕಡಿಮೆ ನೀರಲ್ಲೇ ಒಗೆಯುತ್ತದೆ, ಗಾಜಿನಲ್ಲಿ ನೀರು ಅಡಿಯಷ್ಟೇ ಕಾಣುತ್ತದೆ. ಬಟ್ಟೆ ನೀರು ಹೀರಿದ ಹಾಗೆ ಮೆಶಿನ್ ಬಿಟ್ಟುಬಿಟ್ಟು ಇನ್ನಷ್ಟು ತೆಗೆದುಕೊಳ್ಳುತ್ತದೆ. ಇದು ಅದರ ಕ್ರಮ, ರಿಪೇರಿ ಬೇಡ.

ಎರರ್ ಕೋಡ್ ಏನು ಹೇಳುತ್ತದೆ?

ನಿಗದಿತ ಸಮಯದೊಳಗೆ ನೀರು ಬೇಕಾದ ಮಟ್ಟಕ್ಕೆ ಬಾರದಿದ್ದರೆ ಆಟೋಮ್ಯಾಟಿಕ್ ಮೆಶಿನ್ ಕೆಲಸ ನಿಲ್ಲಿಸಿ ಕೋಡ್ ತೋರಿಸುತ್ತದೆ. ಎಲ್‌ಜಿಯಲ್ಲಿ ಅದು 'ಐಇ', ಸ್ಯಾಮ್ಸಂಗ್‌ನಲ್ಲಿ '4ಸಿ' ಅಥವಾ ಹಳೆಯ ಮಾದರಿಗಳಲ್ಲಿ '4ಇ', ಪ್ಯಾನಸೋನಿಕ್‌ನಲ್ಲಿ 'ಯು14'. ಈ ಕೋಡ್‌ಗಳ ಅರ್ಥ 'ನೀರು ಸಾಕಷ್ಟು ಬರುತ್ತಿಲ್ಲ' ಎಂದು ಮಾತ್ರ. 'ವಾಲ್ವ್ ಹಾಳಾಗಿದೆ' ಎಂದಾಗಲಿ 'ಬೋರ್ಡ್ ಸುಟ್ಟಿದೆ' ಎಂದಾಗಲಿ ಅಲ್ಲ. ಈ ಕೋಡ್ ತೋರಿಸಿ ಯಾರಾದರೂ ನೇರ ಬೋರ್ಡ್ ಬದಲಿಸಲು ಹೇಳಿದರೆ, ಮೊದಲು ಬಕೆಟ್ ಪರೀಕ್ಷೆ ಮಾಡಿ ತೋರಿಸಲು ಕೇಳಬೇಕು.

ವಾಲ್ವ್ ಯಾವಾಗ ಅನುಮಾನಿಸಬೇಕು?

ನೀರು ಒಳಬಿಡುವ ವಾಲ್ವ್ ಒಂದು ಸಣ್ಣ ಕರೆಂಟಿನ ಬಾಗಿಲು. ಕಾಯಿಲ್‌ಗೆ ಕರೆಂಟ್ ಬಂದಾಗ ಸಣ್ಣ ಕಡ್ಡಿಯೊಂದು ಮೇಲೇಳುತ್ತದೆ, ಆಗ ನೀರಿನ ಒತ್ತಡವೇ ರಬ್ಬರ್ ಪರದೆಯನ್ನು ಎತ್ತಿ ದಾರಿ ಬಿಡುತ್ತದೆ. ಅಂದರೆ ಬಾಗಿಲು ಪೂರ್ತಿ ತೆರೆಯಲು ಕರೆಂಟ್ ಮಾತ್ರ ಸಾಲದು, ನೀರಿಗೂ ಬಲ ಬೇಕು. ಒತ್ತಡ ತೀರಾ ಕಡಿಮೆ ಇದ್ದರೆ ಹೊಸ ವಾಲ್ವ್ ಕೂಡ ಅರ್ಧವೇ ತೆರೆಯುತ್ತದೆ. ಹೊಸ ವಾಲ್ವ್ ಹಾಕಿದರೂ ಅದೇ ಕಥೆ ಎಂಬ ದೂರಿನ ಗುಟ್ಟು ಇದು.

ಟ್ಯಾಪ್, ಪೈಪ್, ಜಾಲರಿ ಮೂರೂ ಸರಿ ಇದ್ದು, ಮೆಶಿನ್ ಹಿಂದೆ 'ಗುಂಯ್' ಎಂಬ ಸದ್ದು ಬರುತ್ತಾ ನೀರು ಮಾತ್ರ ಸಪೂರ ಬಿದ್ದರೆ ಆಗ ವಾಲ್ವ್ ಮೇಲೆ ಅನುಮಾನ ಸರಿ. ಒಳಗಿನ ಪರದೆಯಲ್ಲಿ ಸುಣ್ಣ ಕೂತಿರಬಹುದು ಅಥವಾ ರಬ್ಬರ್ ಗಟ್ಟಿಯಾಗಿರಬಹುದು. ಸದ್ದೂ ಇಲ್ಲ, ನೀರೂ ಇಲ್ಲ ಎಂದಾದರೆ ಕಾಯಿಲ್, ವಯರ್ ಅಥವಾ ಬೋರ್ಡ್ ಪರೀಕ್ಷೆ ಆಗಬೇಕು. ಮೆಕ್ಯಾನಿಕ್ ಮಲ್ಟಿಮೀಟರ್‌ನಲ್ಲಿ ಕಾಯಿಲ್ ಅಳೆದರೆ ಸಾಮಾನ್ಯವಾಗಿ ಕೆಲವು ಸಾವಿರ ಓಮ್ ತೋರಿಸಬೇಕು. ಇದು 230 ವೋಲ್ಟ್ ಕರೆಂಟಿನ ಕೆಲಸ. ಮೆಶಿನ್‌ನ ಮುಚ್ಚಳ ತೆರೆದು ಮನೆಯವರೇ ಕೈ ಹಾಕುವಂಥದ್ದಲ್ಲ.

ಒತ್ತಡ ಹೆಚ್ಚಿಸುವ ದಾರಿಗಳು

ಬಕೆಟ್ ಪರೀಕ್ಷೆಯಲ್ಲಿ ಟ್ಯಾಪ್‌ನಲ್ಲೇ ನೀರು ಕಡಿಮೆ ಇದ್ದವರಿಗೆ ಮೂರು ದಾರಿ.

ಒಂದು, ಟ್ಯಾಂಕನ್ನು ಎತ್ತರಿಸುವುದು. ಕಬ್ಬಿಣದ ಸ್ಟ್ಯಾಂಡ್ ಅಥವಾ ಕಟ್ಟೆ ಕಟ್ಟಿ 2 ಮೀಟರ್ ಏರಿಸಿದರೆ 0.2 ಬಾರ್ ಸಿಗುತ್ತದೆ, ಕರೆಂಟ್ ಖರ್ಚಿಲ್ಲ. ಆದರೆ ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ಭಾರ. ಸ್ಲ್ಯಾಬ್ ನಡುವೆ ಅಲ್ಲ, ಕೆಳಗೆ ಗೋಡೆಯೋ ಕಂಬವೋ ಇರುವಲ್ಲೇ ಕೂರಿಸಬೇಕು.

ಎರಡು, ಟ್ಯಾಂಕ್‌ನಿಂದ ಮೆಶಿನ್‌ಗೆ ಬೇರೆಯೇ ಮುಕ್ಕಾಲು ಇಂಚಿನ ಲೈನ್ ಎಳೆಯುವುದು. ಬಾತ್‌ರೂಮ್ ಟ್ಯಾಪ್ ತೆರೆದಾಗ ಮೆಶಿನ್ ನೀರು ಕಡಿಮೆಯಾಗುವ ದೂರಿಗೆ ಇದು ಪರಿಹಾರ.

ಮೂರು, ಸಣ್ಣ ಬೂಸ್ಟರ್ ಪಂಪ್. ನೀರು ಹರಿಯತೊಡಗಿದಾಗ ತಾನೇ ಆನ್ ಆಗಿ, ನಿಂತಾಗ ಆಫ್ ಆಗುವಂಥದ್ದು ಬೇಕು. ಮೋಟರ್ ಪಂಪ್ ತಯಾರಿಕೆಗೆ ದೇಶದಲ್ಲೇ ಹೆಸರಾದ ಊರು ಕೊಯಮತ್ತೂರು. ಹಾಗಾಗಿ ಪಂಪ್‌ಗೂ ರಿಪೇರಿಗೂ ಅಲ್ಲಿ ಕೊರತೆ ಇಲ್ಲ. ಕೊಳ್ಳುವಾಗ ಮೆಶಿನ್‌ನ ಗರಿಷ್ಠ ಒತ್ತಡದ ಮಿತಿ ಮೀರದ ಪಂಪ್ ಆರಿಸಬೇಕು. ಪಂಪ್ ಕೂರಿಸಬೇಕಾದ್ದು ಟ್ಯಾಂಕ್‌ನ ನಂತರದ ಲೈನ್‌ಗೆ ಮಾತ್ರ. ನಗರಸಭೆಯ ಪೈಪ್‌ಗೆ ನೇರ ಮೋಟರ್ ಹಾಕಿ ನೀರು ಎಳೆಯುವುದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಪಾಲನ್ನು ಕಸಿದಂತೆಯೂ ಆಗುತ್ತದೆ. ಅಂಥ ಮೋಟರ್‌ಗಳನ್ನು ಅಧಿಕಾರಿಗಳು ಜಪ್ತಿ ಮಾಡುವುದುಂಟು.

ಉಪ್ಪು ನೀರಿಗೆ ಏನು ಮಾಡುವುದು?

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಮನೆಯ ಬೋರ್ ನೀರು ಎಷ್ಟು ಎಂದು ತಿಳಿಯಲು ಟ್ವಾಡ್ ಬೋರ್ಡ್ ಎಂದು ಕರೆಯುವ ತಮಿಳುನಾಡು ನೀರು ಸರಬರಾಜು ಮಂಡಳಿಯ ಜಿಲ್ಲಾ ಪ್ರಯೋಗಾಲಯದಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಅಂಗಡಿಯವರು ನೀರಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಒಟ್ಟು ಲವಣ ಎಷ್ಟೆಂದು ಹೇಳುತ್ತದೆ, ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ.

ನೀರನ್ನು ನಿಜವಾಗಿ ಮೆದು ಮಾಡುವುದು ರೆಸಿನ್ ತುಂಬಿದ ಸಾಫ್ಟ್‌ನರ್. ಅದಕ್ಕೆ ಆಗಾಗ ಉಪ್ಪು ಹಾಕಿ ರೆಸಿನ್ ತೊಳೆಯಬೇಕು. ಟ್ಯಾಪ್‌ಗೆ ಸಿಕ್ಕಿಸುವ, ಬಿಳಿ ಗುಂಡು ತುಂಬಿದ ಸಣ್ಣ ಫಿಲ್ಟರ್‌ಗಳು ಗಡಸುತನ ತೆಗೆಯುವುದಿಲ್ಲ, ಪದರ ಕೂರುವುದನ್ನು ಸ್ವಲ್ಪ ತಡೆಯುತ್ತವೆ ಅಷ್ಟೆ. ಒಂದು ವಿಷಯ ನೆನಪಿರಬೇಕು: ಯಾವ ಫಿಲ್ಟರ್ ಹಾಕಿದರೂ ಅದು ಸ್ವಲ್ಪ ಒತ್ತಡ ತಿನ್ನುತ್ತದೆ. ಮೊದಲೇ ನೀರು ನಿಧಾನ ಇರುವ ಮನೆಯಲ್ಲಿ ಫಿಲ್ಟರ್ ಸಿಕ್ಕಿಸಿದರೆ ದೂರು ಹೆಚ್ಚುತ್ತದೆ. ಮೊದಲು ಒತ್ತಡ ಸರಿ ಮಾಡಿ ನಂತರ ಫಿಲ್ಟರ್ ಹಾಕಬೇಕು.

ಆರ್‌ಒ ಹೊರಬಿಡುವ ನೀರು ವ್ಯರ್ಥವಾಗದಿರಲಿ ಎಂದು ಮೆಶಿನ್‌ಗೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದು, ಆದರೆ ಆ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅದನ್ನು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸುವುದೇ ಮೇಲು.

ಸಂಪ್ ಮತ್ತು ಟ್ಯಾಂಕ್ ತೊಳೆದ ಮರುದಿನ, ಲಾರಿ ನೀರು ಹಾಕಿಸಿದ ವಾರದಲ್ಲಿ ಜಾಲರಿ ಒಮ್ಮೆ ನೋಡುವುದು ಒಳ್ಳೆಯದು. ಉಳಿದಂತೆ ಉಪ್ಪು ತಣ್ಣಿ ಬಳಸುವ ಮನೆಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಸಾಕು.

ಬಾಡಿಗೆ ಮನೆಯಲ್ಲಿ ಖರ್ಚು ಯಾರದು?

ಇದು ಜಗಳಕ್ಕೆ ದಾರಿಯಾಗುವ ವಿಷಯ. ವ್ಯವಹಾರದ ಕಣ್ಣಿನಲ್ಲಿ ನೋಡಿದರೆ ಟ್ಯಾಂಕ್, ಮನೆಯ ಲೈನ್, ಗೋಡೆಯ ಟ್ಯಾಪ್ ಮಾಲಕರದ್ದು. ಟ್ಯಾಪ್‌ನಿಂದ ಈಚೆಗಿನ ಪೈಪ್, ಜಾಲರಿ, ಮೆಶಿನ್ ಬಾಡಿಗೆದಾರರದ್ದು. ಬಕೆಟ್ ಪರೀಕ್ಷೆ ಇಲ್ಲಿ ಸಾಕ್ಷಿ. ಮಾಲಕರ ಎದುರಲ್ಲೇ ಬಕೆಟ್ ಇಟ್ಟು ಸಮಯ ತೋರಿಸಿದರೆ ಮಾತು ಕಡಿಮೆ, ಪರಿಹಾರ ಬೇಗ. ಬೂಸ್ಟರ್ ಪಂಪ್ ಸ್ವಂತ ಖರ್ಚಲ್ಲಿ ಹಾಕಿಸುವುದಾದರೆ, ಮನೆ ಬಿಡುವಾಗ ತೆಗೆದುಕೊಂಡು ಹೋಗಬಹುದೇ ಎಂದು ಮೊದಲೇ ಬರೆಸಿಕೊಳ್ಳಬೇಕು. ಹೊಸ ಮನೆ ನೋಡಲು ಹೋದವರು ಅಡ್ವಾನ್ಸ್ ಕೊಡುವ ಮೊದಲು ಮೆಶಿನ್ ಇಡುವ ಜಾಗದ ಟ್ಯಾಪ್ ತೆರೆದು ನೋಡುವುದು ಜಾಣತನ.

ವಾರಂಟಿ ಇರುವ ಮೆಶಿನ್ ಆದರೆ ಕಂಪೆನಿಯ ಸರ್ವೀಸ್‌ನವರನ್ನೇ ಕರೆಯಬೇಕು. ಗಡಸು ನೀರಿನಿಂದ ಕೂತ ಪದರಕ್ಕೆ, ಜಾಲರಿ ಶುಚಿಗೆ ವಾರಂಟಿ ಅನ್ವಯಿಸದು ಎಂಬ ಷರತ್ತು ಹಲವು ಕಡೆ ಇರುತ್ತದೆ, ಕಾರ್ಡ್ ಓದಿಕೊಳ್ಳಬೇಕು. ಬದಲಿಸಿದ ಪಾರ್ಟ್‌ಗೆ ಬಿಲ್ ಕೇಳಿ ಪಡೆಯಬೇಕು. ಸೇವೆಯಲ್ಲಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಮೆಕ್ಯಾನಿಕ್ ಜೊತೆ ಮಾತಾಡಲು ನಾಲ್ಕು ತಮಿಳು ಮಾತು

ಭಾಷೆ ಬಾರದೆ ತಲೆಯಾಡಿಸಿ ಹಣ ಕೊಟ್ಟು ಕಳಿಸುವವರು ಬಹಳ. ಕೊಂಗು ಸೀಮೆಯ ಜನ ಮಾತಿನಲ್ಲಿ ಮರ್ಯಾದೆ ಜಾಸ್ತಿ ಇಟ್ಟುಕೊಂಡವರು. ಕೊನೆಗೆ 'ಂಗ' ಸೇರಿಸಿ ಮಾತಾಡಿದರೆ ಕೆಲಸ ಸಲೀಸು.

'ತಣ್ಣಿ ಮೆದುವಾ ವರುದುಂಗ' ಎಂದರೆ ನೀರು ನಿಧಾನ ಬರುತ್ತಿದೆ.

'ಫೋರ್ಸ್ ಇಲ್ಲೀಂಗ' ಎಂದರೆ ಒತ್ತಡ ಇಲ್ಲ.

'ಅಡೈಪ್ಪು ಇರುಕ್ಕಾ, ಪಾರುಂಗ' ಎಂದರೆ ಎಲ್ಲಾದರೂ ಕಟ್ಟಿಕೊಂಡಿದೆಯೇ ನೋಡಿ.

'ಪಳೈಯ ಸಾಮಾನ್ ಕುಡುತ್ತುಡುಂಗ' ಎಂದರೆ ಹಳೆಯ ಪಾರ್ಟ್ ಕೊಟ್ಟುಬಿಡಿ. ಇದು ಮುಖ್ಯ. ಹಳೆಯ ಪಾರ್ಟ್ ಕೈಗೆ ಬಂದರೆ ನಿಜವಾಗಿ ಬದಲಿಸಿದ್ದಾರೆಯೇ ಎಂಬುದು ಖಾತ್ರಿಯಾಗುತ್ತದೆ.

ಒಟ್ಟಿನಲ್ಲಿ ಕ್ರಮ ಹೀಗಿರಲಿ

ಟ್ಯಾಂಕ್‌ನಲ್ಲಿ ನೀರಿದೆಯೇ, ಟ್ಯಾಪ್ ಪೂರ್ತಿ ತೆರೆದಿದೆಯೇ, 10 ಲೀಟರಿನ ಬಕೆಟ್ ಎಷ್ಟು ನಿಮಿಷಕ್ಕೆ ತುಂಬುತ್ತದೆ, ಪೈಪ್ ಮಡಿಸಿದೆಯೇ, ಜಾಲರಿಯಲ್ಲಿ ಬಿಳಿ ಪದರ ಇದೆಯೇ, ಕೋಲ್ಡ್ ಆರಿಸಿದೆಯೇ, ಹೊರಪೈಪ್‌ನಲ್ಲಿ ನೀರು ಹೋಗುತ್ತಿದೆಯೇ. ಈ ಏಳು ನೋಡಲು ಅರ್ಧ ಗಂಟೆ ಸಾಕು, ಖರ್ಚು ಏನೂ ಇಲ್ಲ. ಇಷ್ಟೂ ಸರಿ ಇದ್ದ ಮೇಲೆಯೇ ವಾಲ್ವ್, ಅದೂ ಸರಿ ಇದ್ದರೆ ಮಾತ್ರ ಬೋರ್ಡ್. ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳಿಸಿ, ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಮನೆ ನಡೆಸುವವರಿಗೆ, ಬೇಡದ ಒಂದು ಬೋರ್ಡ್‌ಗೆ ಹೋಗುವ ದುಡ್ಡು ಸಣ್ಣದಲ್ಲ.